ರೇಸ್ ಇಲ್ಲದ ತಿಂಗಳುಗಳಲ್ಲಿ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ, ಮನೆ ಎಲ್ಲ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಓಡುವವರು, ಸೈಕಲ್ ತುಳಿಯುವವರು, ಈಜುವವರು, ಮೂರನ್ನೂ ಸೇರಿಸಿ ಟ್ರಯಾಥ್ಲಾನ್ ಮಾಡುವವರು ಇದ್ದಾರಲ್ಲ, ಅವರಿಗಾಗಿ ಬರೆದದ್ದು ಇದು. ಇವರಿಗೆ ಸಂಬಳ ಕೊಡುವ ತಂಡ ಇಲ್ಲ. ಬೆನ್ನು ಬಿಡದ ಕೋಚ್ ಸಾಮಾನ್ಯವಾಗಿ ಇಲ್ಲ. ರೇಸ್ ಹತ್ತಿರ ಇದ್ದಾಗ ಆ ರೇಸೇ ಬೆಳಗ್ಗೆ ಎಬ್ಬಿಸುತ್ತದೆ. ರೇಸ್ ಇಲ್ಲದಾಗ ಎಬ್ಬಿಸುವವರು ಯಾರು? ಕೆಳಗಿನ ಬಹುಪಾಲು ಪ್ರಶ್ನೆಗಳ ಒಳಗೆ ಇರುವುದು ಇದೇ.

ಆಫ್‌ಸೀಸನ್ ಅಂದರೆ ಯಾವಾಗ? ನಾನು ವರ್ಷಪೂರ್ತಿ ಓಡುತ್ತಾನೇ ಇರ್ತೀನಲ್ಲ?

ಮುಖ್ಯ ರೇಸ್ ಮುಗಿದ ದಿನದಿಂದ ಮುಂದಿನದರ ತಯಾರಿ ಶುರುವಾಗುವವರೆಗಿನ ಕಾಲ. ಅಷ್ಟೇ. ಹಿಮ ಬೀಳುವ ಕಡೆ ಸೈಕಲ್‌ನವರಿಗೆ ಚಳಿಗಾಲ ಆಫ್‌ಸೀಸನ್, ಅಲ್ಲಿಯದೇ ಸ್ಕೀಯಿಂಗ್‌ನವರಿಗೆ ಬೇಸಿಗೆ. ಬಿಸಿಲು ಜಾಸ್ತಿ ಇರುವ ಕಡೆ ಲೆಕ್ಕ ಇನ್ನೊಂದು ಥರ. ಎಲ್ಲ ತಿಂಗಳೂ ಒಂದಲ್ಲ ಒಂದು ರೇಸ್ ಓಡುವವರಿಗೆ ಆಫ್‌ಸೀಸನ್ ತಾನಾಗಿ ಬರುವುದಿಲ್ಲ, ತಾವೇ ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಒಂದು ದಿನ ಮೊಣಕಾಲೋ ಹಿಮ್ಮಡಿಯೋ ಹಾಕಿಸುತ್ತದೆ.

ರೇಸ್ ಚೆನ್ನಾಗೇ ಆಯಿತು. ಆದರೂ ಯಾಕೋ ಖಾಲಿ ಖಾಲಿ ಅನ್ನಿಸ್ತಿದೆ. ಇದು ಸಹಜವಾ?

ಸಹಜ. ಚೆನ್ನಾಗಿ ಓಡಿದವರನ್ನೂ ಇದು ಬಿಡುವುದಿಲ್ಲ. ನಾಲ್ಕು ತಿಂಗಳು ನಿಮ್ಮ ಊಟ, ನಿದ್ದೆ, ಶನಿವಾರದ ರಾತ್ರಿ, ಭಾನುವಾರದ ಬೆಳಗ್ಗೆ ಎಲ್ಲವೂ ಒಂದು ತಾರೀಕಿನ ಸುತ್ತ ತಿರುಗುತ್ತಿದ್ದವು. ಆ ತಾರೀಕು ಕಳೆಯಿತು. ಮರುದಿನ ಏನು ಮಾಡಬೇಕು ಅಂತ ಯಾವ ಪ್ಲಾನಿನಲ್ಲೂ ಬರೆದಿಲ್ಲ. ಖಾಲಿ ಅನ್ನಿಸದೆ ಇನ್ನೇನು? ಮೇಲಾಗಿ ಮೈ ಕೂಡ ದಣಿದಿರುತ್ತದೆ. ಮ್ಯಾರಥಾನಿನಂಥ ದೂರ ಓಡಿದ ಮೇಲೆ, ಕಾಲು ನೋವು ಹೋಗಿ ಎಷ್ಟೋ ದಿನವಾದರೂ ಸ್ನಾಯುಗಳ ಒಳಗಿನ ರಿಪೇರಿ ನಡೆಯುತ್ತಲೇ ಇರುತ್ತದೆ. ಮೈ ಸೋತಿರುವಾಗ ಮನಸ್ಸು ಕುಣಿಯಲಿ ಅಂದರೆ ಹೇಗೆ?

ಈ ಹೊತ್ತಿನಲ್ಲಿ ಬೇಡದ್ದು ಒಂದೇ. ಆ ಖಾಲಿತನ ತುಂಬಿಸಲು ಅದೇ ವಾರ ಇನ್ನೊಂದು ರೇಸಿಗೆ ಹೆಸರು ಕೊಡುವುದು. ಎರಡು ವಾರ ಖಾಲಿಯಾಗಿಯೇ ಇರಲಿ ಬಿಡಿ.

ಎಷ್ಟು ದಿನ ಪೂರ್ತಿ ನಿಲ್ಲಿಸಬಹುದು?

ದೊಡ್ಡ ರೇಸಿನ ನಂತರ ಒಂದೆರಡು ವಾರ ಪೂರ್ತಿ ಬಿಡುವು. ಆಮೇಲೆ ಇನ್ನೆರಡು ವಾರ ಮನಸ್ಸು ಬಂದರೆ ಮಾತ್ರ, ಬಂದಷ್ಟು ಮಾತ್ರ. ಸೈಕಲ್ಲನ್ನೇ ಹೊಟ್ಟೆಪಾಡು ಮಾಡಿಕೊಂಡ ವೃತ್ತಿಪರರೂ ಅಕ್ಟೋಬರ್‌ನಲ್ಲಿ ರಸ್ತೆ ರೇಸುಗಳ ಸೀಸನ್ ಮುಗಿದ ಮೇಲೆ ಸ್ವಲ್ಪ ದಿನ ಸೈಕಲ್ ಬದಿಗಿಡುತ್ತಾರೆ. ನಮಗೇನು ಅಷ್ಟು ಅವಸರ?

ನಡೆಯಬಹುದು, ಸುಮ್ನೆ ಈಜಬಹುದು, ಮಕ್ಕಳ ಜೊತೆ ಆಡಬಹುದು. ಆದರೆ ‘ಆ್ಯಕ್ಟಿವ್ ರಿಕವರಿ’ (ಹಗುರಾಗಿ ಮೈ ಆಡಿಸುತ್ತಾ ಚೇತರಿಸಿಕೊಳ್ಳುವುದು) ಅಂತ ಹೆಸರಿಟ್ಟು 12 ಕಿಲೋಮೀಟರ್ ಓಡಿ ಬರುವವರಿದ್ದಾರೆ. ಅದಕ್ಕೆ ಬಿಡುವು ಅನ್ನುವುದಿಲ್ಲ.

ಅಷ್ಟು ದಿನ ಬಿಟ್ಟರೆ ಕಷ್ಟಪಟ್ಟು ಗಳಿಸಿದ ಫಿಟ್‌ನೆಸ್ ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗಲ್ವಾ?

ಜನ ಆಫ್‌ಸೀಸನ್‌ನಲ್ಲಿ ನೆಮ್ಮದಿ ಕಳೆದುಕೊಳ್ಳುವುದೇ ಈ ಹೆದರಿಕೆಯಿಂದ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಇದನ್ನು ಅಳೆದು ನೋಡಿದವರಿದ್ದಾರೆ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಟ್ಟಲೆ ಟ್ರೇನಿಂಗ್ ಮಾಡಿದ್ದ 7 ಜನ 84 ದಿನ ಪೂರ್ತಿ ನಿಲ್ಲಿಸಿದರು. ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದರ ಅಳತೆ ವಿಒ2 ಮ್ಯಾಕ್ಸ್. ಅದು ಮೊದಲ 21 ದಿನದಲ್ಲಿ 7 ಶೇಕಡಾ ಇಳಿಯಿತು. 56 ದಿನದ ಹೊತ್ತಿಗೆ 16 ಶೇಕಡಾ ಕೆಳಗೆ ಬಂದು ಅಲ್ಲಿಗೇ ನಿಂತಿತು. ಪಾತಾಳಕ್ಕೆ ಇಳಿಯಲಿಲ್ಲ. ಅಷ್ಟು ದಿನ ಕೂತ ಮೇಲೂ ಅವರು ಯಾವತ್ತೂ ಟ್ರೇನಿಂಗ್ ಮಾಡದವರಿಗಿಂತ ಮೇಲೇ ಇದ್ದರು. ಸ್ನಾಯುಗಳಲ್ಲಿ ವರ್ಷಗಳಿಂದ ಬೆಳೆದಿದ್ದ ಸಣ್ಣ ರಕ್ತನಾಳಗಳ ಬಲೆ ಹೆಚ್ಚುಕಡಿಮೆ ಹಾಗೇ ಉಳಿದಿತ್ತು.

ಮೊದಲು ಜಾರುವುದು ಯಾವುದು ಗೊತ್ತಾ? ರಕ್ತದಲ್ಲಿರುವ ಪ್ಲಾಸ್ಮಾ, ಅಂದರೆ ನೀರಿನಂಶ. ಟ್ರೇನಿಂಗ್ ಮಾಡುವವರಲ್ಲಿ ಇದು ಜಾಸ್ತಿ ಇರುತ್ತದೆ, ಬಿಟ್ಟ ಕೆಲವೇ ದಿನಗಳಲ್ಲಿ ಕಡಿಮೆಯಾಗತೊಡಗುತ್ತದೆ. ಆಗ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆ, ಅದನ್ನು ಸರಿದೂಗಿಸಲು ಬಡಿತ ಜಾಸ್ತಿ. ಎರಡು ವಾರ ಬಿಟ್ಟು ಓಡಿದಾಗ ಹಳೆಯ ನಿಧಾನದ ವೇಗದಲ್ಲೂ ವಾಚು 10 ಬಡಿತ ಜಾಸ್ತಿ ತೋರಿಸಿ ಎದೆ ನಡುಗಿಸುತ್ತದಲ್ಲ, ಅದರ ಮುಖ್ಯ ಕಾರಣ ಇದು. ಬೇಗ ಹೋದದ್ದು ಬೇಗ ವಾಪಸ್ ಬರುವುದೂ ಇದೇ. ಒಂದೆರಡು ವಾರ ನಿಯಮಿತವಾಗಿ ಓಡಿದರೆ ಸಾಕು.

ಪೂರ್ತಿ ಬಿಡೋದು ಬೇಡ, ಆದರೆ ಪ್ಲಾನ್ ಪ್ರಕಾರ ಮಾಡೋಕೂ ಮನಸ್ಸಿಲ್ಲ. ಕನಿಷ್ಠ ಎಷ್ಟು ಮಾಡಿದರೆ ಸಾಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ. ಫಿಟ್‌ನೆಸ್ ಗಳಿಸಲು ಬೇಕಾದ ಶ್ರಮ ಬೇರೆ, ಉಳಿಸಿಕೊಳ್ಳಲು ಬೇಕಾದ ಶ್ರಮ ಬೇರೆ. ಎರಡನೆಯದು ಬಹಳ ಕಡಿಮೆ.

1980ರ ದಶಕದ ಮೊದಲಲ್ಲಿ ರಾಬರ್ಟ್ ಹಿಕ್ಸನ್ ಇದನ್ನು ಮೂರು ರೀತಿಯಲ್ಲಿ ಪರೀಕ್ಷಿಸಿದರು. ಒಂದಷ್ಟು ಜನರಿಗೆ 10 ವಾರ, ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಗಟ್ಟಿ ಟ್ರೇನಿಂಗ್ ಕೊಟ್ಟರು. ಆಮೇಲೆ 15 ವಾರ ಕಡಿಮೆ ಮಾಡಿದರು. ಒಂದು ಅಧ್ಯಯನದಲ್ಲಿ ದಿನಗಳನ್ನು 4ಕ್ಕೆ ಅಥವಾ 2ಕ್ಕೆ ಇಳಿಸಿದರು, ವಿಒ2 ಮ್ಯಾಕ್ಸ್ ಬಹುಮಟ್ಟಿಗೆ ಉಳಿಯಿತು. ಇನ್ನೊಂದರಲ್ಲಿ 40 ನಿಮಿಷವನ್ನು 26ಕ್ಕೆ ಅಥವಾ 13ಕ್ಕೆ ಇಳಿಸಿದರು, ಆಗಲೂ ಉಳಿಯಿತು. ಮೂರನೆಯದರಲ್ಲಿ ದಿನವನ್ನೂ ಹೊತ್ತನ್ನೂ ಮುಟ್ಟದೆ ತೀವ್ರತೆ ಮಾತ್ರ ಇಳಿಸಿದರು. ಆಗ ಕುಸಿಯಿತು.

ನಾವು ಮಾಡುವುದು ಸರಿಯಾಗಿ ಇದರ ಉಲ್ಟಾ, ಅಲ್ವಾ? ಆಫ್‌ಸೀಸನ್ ಅಂದ ಕೂಡಲೇ ವೇಗದ ಓಟವನ್ನೆಲ್ಲ ಕೈಬಿಟ್ಟು, ತಪ್ಪಿತಸ್ಥ ಭಾವನೆಯಿಂದ ದಿನಾ ಮನಸ್ಸಿಲ್ಲದ ಒಂದು ಗಂಟೆ ಕಾಲೆಳೆಯುತ್ತೇವೆ. ಹೊತ್ತೂ ಹೋಯಿತು, ಫಲವೂ ಇಲ್ಲ.

ಇದಕ್ಕೊಂದು ಮಿತಿ ಇದೆ, ಅದನ್ನೂ ಹೇಳಬೇಕು. 13 ನಿಮಿಷದವರ ವಿಒ2 ಮ್ಯಾಕ್ಸ್ ಉಳಿಯಿತು, ಆದರೆ ಬಹಳ ಹೊತ್ತು ಒಂದೇ ಸಮ ದುಡಿಯುವ ತಾಕತ್ತು ಸ್ವಲ್ಪ ಇಳಿಯಿತು. ಅಂದರೆ ವಾರಕ್ಕೊಂದು ಸ್ವಲ್ಪ ಉದ್ದದ ಓಟ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ವಾರ ಹೀಗಿರಬಹುದು. ಮಂಗಳವಾರ 10 ನಿಮಿಷ ನಿಧಾನ, ಆಮೇಲೆ 3 ನಿಮಿಷದ ಗಟ್ಟಿ ಓಟ ನಾಲ್ಕು ಸಲ, ನಡುನಡುವೆ 2 ನಿಮಿಷ ನಡಿಗೆ, ಕೊನೆಗೆ 10 ನಿಮಿಷ ನಿಧಾನ. 40 ನಿಮಿಷದೊಳಗೆ ಮುಗಿಯಿತು. ಗುರುವಾರ ಅರ್ಧ ಗಂಟೆ ಸ್ಟ್ರೆಂತ್, ಅಂದರೆ ಭಾರ ಎತ್ತುವಂಥ ಬಲದ ವ್ಯಾಯಾಮ. ವಾರದ ಕೊನೆಗೆ ಒಂದು ಗಂಟೆ, ಮಾತಾಡಿಕೊಂಡು ಓಡುವಷ್ಟು ಆರಾಮದಲ್ಲಿ. ಒಟ್ಟು ಎರಡೂಕಾಲು ಗಂಟೆಯೂ ಆಗಲಿಲ್ಲ. ಉಳಿದ ದಿನ ಓಡಿದರೆ ಖುಷಿಗೆ, ಓಡದಿದ್ದರೆ ನಷ್ಟವಿಲ್ಲ. ಈ ಮೂರು ದಿನವೂ ತೀವ್ರವಾಗಿರಬೇಕಿಲ್ಲ, ಒಂದು ಸಾಕು.

ಅಲಾರಂ ಹೊಡೆಯುತ್ತೆ, ಆಫ್ ಮಾಡಿ ಮಲಗ್ತೀನಿ. ಏನು ಮಾಡಲಿ?

ಮೊದಲು ಒಂದು ಪ್ರಶ್ನೆ. ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ? ಹನ್ನೆರಡೂವರೆಗೆ ಮಲಗಿ ಐದಕ್ಕೆ ಏಳಲಾಗದಿದ್ದರೆ ಅದು ಹುಮ್ಮಸ್ಸಿನ ಸಮಸ್ಯೆಯಲ್ಲ. ಮಲಗಿಬಿಡಿ, ಸಂಜೆ ಓಡಿ.

ನಿದ್ದೆ ಸಾಕಷ್ಟು ಆಗಿಯೂ ಏಳಲಾಗದಿದ್ದರೆ, ಅಲಾರಂ ಹೊಡೆದ ಮೇಲಿನ ಹತ್ತು ನಿಮಿಷವನ್ನು ಹತ್ತಿರದಿಂದ ನೋಡಿ. ಕಣ್ಣು ಬಿಟ್ಟಾಗ ತಲೆಯಲ್ಲಿ ಬರುವುದು ಓಟವಲ್ಲ. ಸಾಕ್ಸ್ ಎಲ್ಲಿದೆ, ವಾಚು ಚಾರ್ಜ್ ಆಗಿದೆಯಾ, ಹೊರಗೆ ಮಳೆಯಾ, ಇವತ್ತು ಎಷ್ಟು ದೂರ, ವೇಗದ್ದೋ ನಿಧಾನದ್ದೋ. ಒಂದೊಂದೂ ಒಂದು ತೀರ್ಮಾನ. ಅರೆನಿದ್ದೆಯಲ್ಲಿ ಐದು ತೀರ್ಮಾನ ತೆಗೆದುಕೊಳ್ಳುವ ಬದಲು ಹೊದಿಕೆ ಎಳೆದುಕೊಳ್ಳುವುದು ಸುಲಭ. ಅದಕ್ಕೇ ಎಲ್ಲ ತೀರ್ಮಾನವನ್ನೂ ಹಿಂದಿನ ರಾತ್ರಿಯೇ ಮುಗಿಸಿಡಿ. ಶೂ ಬಾಗಿಲ ಹತ್ತಿರ, ಲೇಸ್ ಸಡಿಲ ಮಾಡಿ, ಸಾಕ್ಸ್ ಅದರೊಳಗೆ. ಬಟ್ಟೆ ಕುರ್ಚಿಯ ಮೇಲೆ, ಹಾಕಿಕೊಳ್ಳುವ ಕ್ರಮದಲ್ಲಿ. ಫೋನು ಕೈಗೆ ಸಿಗದಷ್ಟು ದೂರ. ಎದ್ದವನು ಯೋಚಿಸಬೇಕಾದ್ದು ಏನೂ ಉಳಿದಿರಬಾರದು.

ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಬಹಳ ಕಾಲ ಅಧ್ಯಯನ ಮಾಡಿದ ವಿಧಾನವೊಂದಿದೆ. ‘ಈ ವಾರ ಓಡ್ತೀನಿ’ ಅನ್ನುವ ಬದಲು ‘ಇಂಥ ಹೊತ್ತಿನಲ್ಲಿ ಹೀಗಾದರೆ ಹೀಗೆ ಮಾಡ್ತೀನಿ’ ಅಂತ ಮೊದಲೇ ಕಟ್ಟಿಟ್ಟುಕೊಳ್ಳುವುದು. ‘ಮಂಗಳವಾರ ಹಲ್ಲುಜ್ಜಿದ ಕೂಡಲೇ ಶೂ ಹಾಕ್ತೀನಿ. ಮಳೆ ಇದ್ದರೆ ಮನೆಯಲ್ಲೇ ಸ್ಟ್ರೆಂತ್ ಮಾಡ್ತೀನಿ.’ ಕೇಳಲು ಸಪ್ಪೆ. ಆದರೆ ಬರೀ ಆಸೆಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹಲವು ಪ್ರಯೋಗಗಳು ತೋರಿಸಿವೆ.

ಇನ್ನೊಂದು, ಓಟಗಾರರಲ್ಲಿ ಎಲ್ಲರಿಗೂ ಗೊತ್ತಿರುವ ಹತ್ತು ನಿಮಿಷದ ಲೆಕ್ಕ. ಹೊರಗೆ ಹೋಗಿ 10 ನಿಮಿಷ ಓಡಿ, ಆಗಲೂ ಬೇಡ ಅನ್ನಿಸಿದರೆ ವಾಪಸ್ ಬನ್ನಿ. ಇಲ್ಲಿ ಪ್ರಾಮಾಣಿಕತೆ ಬೇಕು. ವಾಪಸ್ ಬಂದ ದಿನ ನಿಮ್ಮನ್ನು ನೀವು ಬೈದುಕೊಳ್ಳಬಾರದು. ಬೈದರೆ ಮುಂದಿನ ಸಲ ಆ ಮಾತನ್ನು ನಿಮ್ಮ ಮನಸ್ಸೇ ನಂಬುವುದಿಲ್ಲ.

ಮೋಟಿವೇಶನ್ ವಿಡಿಯೋ ನೋಡಿದರೆ ಉಪಯೋಗ ಇದೆಯಾ?

ನೋಡಿದ ಆ ಅರ್ಧ ಗಂಟೆಯಲ್ಲಿ ಓಡಿ ಬರಬಹುದಿತ್ತು.

ಅಭ್ಯಾಸ ಆಗೋಕೆ 21 ದಿನ ಸಾಕು ಅಂತಾರೆ. ನನಗೆ ಆರು ವಾರ ಆದರೂ ಆಗಿಲ್ಲ. ನನ್ನಲ್ಲೇ ಏನೋ ಕೊರತೆಯಾ?

21ರ ಲೆಕ್ಕವನ್ನು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯಿತು. ಅದೂ ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ 18, ಕೆಲವರಿಗೆ ಲೆಕ್ಕ ಹಾಕಿದರೆ 254 ದಿನ. ಅದರಲ್ಲಿ ನನಗೆ ಹೆಚ್ಚು ಇಷ್ಟವಾದ ಸಂಗತಿ ಬೇರೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಮುರಿದು ಬೀಳಲಿಲ್ಲ. ಒಂದು ದಿನ ತಪ್ಪಿತೆಂದು ಇಡೀ ವಾರ ಬಿಡುವವರು ಇದನ್ನು ಗಮನಿಸಬೇಕು.

ಗುರಿ ಇಲ್ಲದೆ ನನಗೆ ಓಡೋಕೇ ಬರಲ್ಲ. ಈಗಲೇ ಮುಂದಿನ ರೇಸಿಗೆ ಹೆಸರು ಕೊಡಲಾ?

ರೇಸ್ ಎಂಟು ತಿಂಗಳು ದೂರವಿದ್ದರೆ ಹೆಸರು ಕೊಟ್ಟ ಸಂಭ್ರಮ ಒಂದು ವಾರ ಇರುತ್ತದೆ. ಆಮೇಲೆ ಅದು ಇದ್ದೂ ಇಲ್ಲದಂತೆ. ಅಷ್ಟು ದೂರದ ತಾರೀಕು ಇವತ್ತಿನ ಬೆಳಗ್ಗೆಯನ್ನು ಎಬ್ಬಿಸಲಾರದು.

ಆಫ್‌ಸೀಸನ್‌ಗೆ ಸಣ್ಣ ಗುರಿ ಚೆನ್ನ, ಮತ್ತು ಅದು ಸಮಯ, ದೂರ, ಕಿಲೋಮೀಟರಿಗೆ ಹಿಡಿಯುವ ಹೊತ್ತು ಅಂದರೆ ಪೇಸ್‌ಗೆ ಸಂಬಂಧಪಡದಿದ್ದರೆ ಇನ್ನೂ ಚೆನ್ನ. ಒಂದು ಪುಲ್‌ಅಪ್ ಮಾಡುವುದು. ಫ್ರೀಸ್ಟೈಲ್‌ನಲ್ಲಿ ಎರಡೂ ಕಡೆ ಉಸಿರು ತೆಗೆದುಕೊಳ್ಳಲು ಕಲಿಯುವುದು. ಪಂಕ್ಚರ್ ಆದ ಟ್ಯೂಬನ್ನು ಯಾರನ್ನೂ ಕೇಳದೆ ಬದಲಿಸುವುದು (ಐದು ವರ್ಷ ಸೈಕಲ್ ತುಳಿದೂ ಇದು ಬಾರದವರು ಎಷ್ಟು ಮಂದಿ ಅಂತ ಕೇಳಬೇಡಿ). ವಾರಗಟ್ಟಲೆ ಹೋಗದೆ ಉಳಿದ ದಾರಿಗಳನ್ನೆಲ್ಲ ಒಂದೊಂದಾಗಿ ಓಡಿ ಮುಗಿಸುವುದು.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅನ್ನುವ ಮನಶ್ಶಾಸ್ತ್ರಜ್ಞರ ಪ್ರಕಾರ ಮನುಷ್ಯ ಒಳಗಿನಿಂದ ಒಂದು ಕೆಲಸಕ್ಕೆ ಮನಸ್ಸು ಮಾಡಲು ಮೂರು ಬೇಕು. ತಾನೇ ಆರಿಸಿಕೊಂಡೆ ಅನ್ನುವ ಭಾವ, ಕೈ ಪಳಗುತ್ತಿದೆ ಅನ್ನುವ ಭಾವ, ಜೊತೆಗೆ ಜನ ಇದ್ದಾರೆ ಅನ್ನುವ ಭಾವ. ರೇಸ್ ಪ್ಲಾನಿನಲ್ಲಿ ಮೊದಲನೆಯದಕ್ಕೆ ಜಾಗ ಕಡಿಮೆ, ಎಲ್ಲ ಹಾಳೆಯೇ ಹೇಳುತ್ತದೆ. ಆಫ್‌ಸೀಸನ್‌ನಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಅಲ್ಲೂ ಇನ್ನೊಂದು ಹಾಳೆ ತಂದು ಅಂಟಿಸಿಕೊಂಡರೆ ಏನು ಬಂತು?

ಓಟ ಬಿಟ್ಟು ಬೇರೆ ಏನಾದರೂ ಆಡಿದರೆ ನಡೆಯುತ್ತಾ?

ನಡೆಯುತ್ತದೆ. ಹೃದಯ, ಶ್ವಾಸಕೋಶದ ಮಟ್ಟಿಗೆ ಸೈಕಲ್, ಈಜು, ರೋಯಿಂಗ್, ಬೆಟ್ಟ ಹತ್ತುವುದು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಕಾಲಿನ ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳಿಗೆ ಓಟದ ಹೊಡೆತ ತಾಳುವ ರೂಢಿ ಮಾತ್ರ ಓಟದಿಂದಲೇ ಬರಬೇಕು. ಅದಕ್ಕಾಗಿ ವಾರಕ್ಕೊಂದು ಸಣ್ಣ ಓಟ ಉಳಿಸಿಕೊಂಡರೆ ಸಾಕು.

ಬೇರೆ ಆಟದ ಬಗ್ಗೆ ಅನುಮಾನ ಇದ್ದರೆ ಸ್ವೀಡನ್ನಿನ ಸ್ಪೀಡ್ ಸ್ಕೇಟರ್ ನಿಲ್ಸ್ ವ್ಯಾನ್ ಡರ್ ಪೂಲ್ ಅವರನ್ನು ನೋಡಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದು, ತನ್ನ ಟ್ರೇನಿಂಗ್ ವಿವರಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿ ಬುನಾದಿ ಹಾಕುವ ತಿಂಗಳುಗಳಲ್ಲಿ ಸ್ಕೇಟಿಂಗ್‌ಗಿಂತ ಜಾಸ್ತಿ ಇದ್ದದ್ದು ಸೈಕಲ್. ವಾರದಲ್ಲಿ 5 ದಿನ ದುಡಿತ, 2 ದಿನ ರಜೆ. ರಜೆಯ ದಿನ ಗೆಳೆಯರ ಜೊತೆ ಮಾಮೂಲಿ ಮನುಷ್ಯರ ಹಾಗೆ ಕಳೆಯುತ್ತಿದ್ದರು. ಅವರು ಸೈಕಲ್ ಮೇಲೆ ಕಳೆಯುತ್ತಿದ್ದ ಗಂಟೆಗಳ ಲೆಕ್ಕ ನಮಗೆ ಬೇಡ, ಅದು ನಮ್ಮ ಅಳತೆಗೆ ಹೊಂದುವುದಿಲ್ಲ. ಆ ರಜೆಯ ಪಾಠ ಮಾತ್ರ ಎರವಲು ತರಬಹುದು.

ಸ್ಟ್ರೆಂತ್ ಟ್ರೇನಿಂಗ್ ಬೋರು. ಮಾಡಲೇಬೇಕಾ?

ಮಾಡಿದರೆ ಒಳ್ಳೆಯದು, ಮತ್ತು ಮಾಡಲು ಇದೇ ಸಕಾಲ. ಭಾರ ಎತ್ತಿದರೆ ಓಟದ ಮಿತವ್ಯಯ ಸುಧಾರಿಸುತ್ತದೆ, ಅಂದರೆ ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಸಾಕಾಗುತ್ತದೆ. ಆದರೆ ಶುರುವಿನ ವಾರಗಳಲ್ಲಿ ಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟ. ರೇಸಿನ ತಯಾರಿ ನಡುವೆ ಆ ನೋವು ಯಾರಿಗೆ ಬೇಕು? ಈಗಾದರೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿ ಕಾಲಿನ ವ್ಯಾಯಾಮ ಒಂದು, ಮೀನಖಂಡಕ್ಕೆ ಕಾಫ್ ರೈಸ್, ಎಳೆಯುವುದೊಂದು, ತಳ್ಳುವುದೊಂದು. ವಾರಕ್ಕೆ ಎರಡು ಸಲ. ಹುಮ್ಮಸ್ಸಿನ ದೃಷ್ಟಿಯಿಂದ ಇದರ ಲಾಭ ಇನ್ನೊಂದಿದೆ. ಹತ್ತು ವರ್ಷ ಓಡಿದವರಿಗೆ ಮ್ಯಾರಥಾನಿನಲ್ಲಿ ಎರಡು ನಿಮಿಷ ಕಡಿಮೆ ಮಾಡಲು ಇಡೀ ವರ್ಷ ಬೇಕು. ಅವರೇ ಭಾರ ಎತ್ತಲು ಹೊಸಬರಾದರೆ ವಾರ ವಾರವೂ ತೂಕ ಏರುವುದನ್ನು ಕಣ್ಣಾರೆ ಕಾಣುತ್ತಾರೆ. ಮತ್ತೆ ಹೊಸಬರಾಗುವುದರಲ್ಲಿ ಒಂದು ಮಜಾ ಇದೆ.

ಹೊರಗೆ ಹೋಗೋ ಹಾಗಿಲ್ಲ. ಟ್ರೆಡ್‌ಮಿಲ್, ಇಂಡೋರ್ ಟ್ರೇನರ್ (ಸೈಕಲ್ಲನ್ನು ಮನೆಯೊಳಗೆ ನಿಂತಲ್ಲೇ ತುಳಿಯುವ ಸಲಕರಣೆ) ಎರಡೂ ಶಿಕ್ಷೆ ಅನ್ನಿಸುತ್ತೆ.

ನಿಮ್ಮ ಅನಿಸಿಕೆ ಸುಳ್ಳಲ್ಲ. ಕಾಲಲ್ಲಿ ತುಳಿಯುವ ಟ್ರೆಡ್‌ಮಿಲ್ಲನ್ನು 1818ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯೂಬಿಟ್ ರೂಪಿಸಿದ್ದೇ ಜೈಲಿನ ಕೈದಿಗಳಿಗೆ.

ಇಂಡೋರ್ ಟ್ರೇನರ್ ಮೇಲೆ ಕೂತು 15 ನಿಮಿಷವಾದ ಹೊತ್ತನ್ನು ನೆನಪಿಸಿಕೊಳ್ಳಿ. ಹುಬ್ಬಿನಿಂದ ಬೆವರು ಜಾರಿ ಕಣ್ಣು ಉರಿಯುತ್ತದೆ, ಹ್ಯಾಂಡಲ್‌ಬಾರ್ ಟೇಪು ಒದ್ದೆ, ತುಳಿತದ ಶಕ್ತಿ ತೋರಿಸುವ ವ್ಯಾಟ್ ಅಷ್ಟೇ ಇದ್ದರೂ ಹೃದಯ ಬಡಿತ ಮೇಲೆ ಮೇಲೆ ಹೋಗುತ್ತಿರುತ್ತದೆ. ಇದನ್ನು ನಾವು ಬೋರು ಅನ್ನುತ್ತೇವೆ, ಬಹಳಷ್ಟು ಸಲ ಅದು ಬರೀ ಸೆಕೆ. ಹೊರಗೆ ಗಾಳಿ ಮೈ ತಣಿಸುತ್ತದೆ, ಒಳಗೆ ಗಾಳಿಯೇ ಇಲ್ಲ. ದೊಡ್ಡ ಫ್ಯಾನೊಂದನ್ನು ಎದೆಗೆ ನೇರವಾಗಿ ಇಡಿ. ಹೊಸ ಆ್ಯಪ್‌ಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಆಮೇಲೆ ಹೊತ್ತು. ಒಳಗೆ 45 ನಿಮಿಷ ಸಾಕು, ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಗಟ್ಟಿಯಾಗಿ ತುಳಿಯುವುದು) ಇದ್ದರೆ ಬೇಗ ಸರಿಯುತ್ತದೆ. ಎರಡು ಗಂಟೆ ಗೋಡೆ ನೋಡಿಕೊಂಡು ತುಳಿಯುವವರ ಬಗ್ಗೆ ನನಗೆ ಗೌರವವಿದೆ, ಹೊಟ್ಟೆಕಿಚ್ಚಿಲ್ಲ.

ವಾಚು ದಿನಾ ‘ಫಿಟ್‌ನೆಸ್ ಇಳಿಯುತ್ತಿದೆ’ ಅಂತ ತೋರಿಸುತ್ತೆ. ನೋಡಿದರೆ ಬೇಜಾರು.

ವಾಚಿಗೆ ನೀವು ಬಿಡುವಿನಲ್ಲಿದ್ದೀರಿ ಅಂತ ಗೊತ್ತಿಲ್ಲ. ಈಚಿನ ವಾರಗಳಲ್ಲಿ ಮಾಡಿದ ಕೆಲಸವನ್ನು ಕೂಡಿ ಅದೊಂದು ಗೆರೆ ಎಳೆಯುತ್ತದೆ. ಕೆಲಸ ಕಡಿಮೆಯಾದರೆ ಗೆರೆ ಇಳಿಯಲೇಬೇಕು, ಲೆಕ್ಕವೇ ಹಾಗೆ. ಆ ಪರದೆಯನ್ನು ತೆಗೆದುಹಾಕಿ, ಇಲ್ಲವೇ ತಿಂಗಳ ಮಟ್ಟಿಗೆ ಸಾದಾ ವಾಚು ಕಟ್ಟಿ.

ದಿನವೂ ತಪ್ಪದೆ ಓಡುವ ಸ್ಟ್ರೀಕ್ ಬಗ್ಗೆಯೂ ಕೇಳುತ್ತಾರೆ. ಕೆಲವರಿಗೆ ಅದು ನಿಜಕ್ಕೂ ಒಗ್ಗುತ್ತದೆ. ಆದರೆ ಜ್ವರದಲ್ಲೂ ಸ್ಟ್ರೀಕ್ ಉಳಿಸಲು ಓಡುವ ಮಟ್ಟಕ್ಕೆ ಬಂದರೆ ಯಾರು ಯಾರನ್ನು ಓಡಿಸುತ್ತಿದ್ದಾರೆ? ದಿನದ ಬದಲು ವಾರದ ಸ್ಟ್ರೀಕ್ ಇಟ್ಟುಕೊಳ್ಳಿ. ವಾರಕ್ಕೆ ಮೂರು ಸಲ ಮೈ ಬೆವರಿತಾ? ಆಯಿತು, ಸ್ಟ್ರೀಕ್ ಉಳಿಯಿತು.

ಓಟ ದಾಖಲಿಸುವ ಆ್ಯಪ್‌ನಲ್ಲಿ ಬೇರೆಯವರ ಓಟಗಳನ್ನು ನೋಡಿ ಸಂಕಟಪಡುವವರು ಒಂದು ತಿಂಗಳು ಆ ಆ್ಯಪ್ ಮುಚ್ಚಿಡುವುದೇ ಲೇಸು. ನಿಮ್ಮ ಬಿಡುವು ಅವರ ತಯಾರಿಯ ತುದಿ ಇರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರಿಗೂ ನ್ಯಾಯವಲ್ಲ.

ಗುಂಪಿನ ಜೊತೆ ಓಡಿದರೆ ಹುಮ್ಮಸ್ಸು ಬರುತ್ತಾ?

ಬರುತ್ತದೆ, ಗುಂಪು ಸರಿಯಾದದ್ದಾದರೆ. ಆರು ಗಂಟೆಗೆ ಯಾರೋ ಕಾಯುತ್ತಾ ನಿಂತಿರುತ್ತಾರೆ ಅನ್ನುವ ಮುಜುಗರದಷ್ಟು ಚೆನ್ನಾಗಿ ಯಾವ ಅಲಾರಮ್ಮೂ ಎಬ್ಬಿಸುವುದಿಲ್ಲ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಪಾರ್ಕ್‌ರನ್ ಇದಕ್ಕೆ ಒಳ್ಳೆಯ ಉದಾಹರಣೆ. ವಾರಕ್ಕೊಮ್ಮೆ 5 ಕಿಲೋಮೀಟರ್, ಶುಲ್ಕವಿಲ್ಲ, ನಡೆದರೂ ಸರಿ.

ಆದರೆ ಪ್ರತಿ ಓಟವನ್ನೂ ರೇಸ್ ಮಾಡುವ ಗುಂಪುಗಳಿವೆ. ನಿಧಾನ ಅಂತ ಹೊರಟು ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಎಲ್ಲರೂ ಏದುಸಿರು. ಆಫ್‌ಸೀಸನ್‌ನಲ್ಲಿ ಅಂಥವರಿಂದ ದೂರ ಇರಿ. ನಿಮಗಿಂತ ನಿಧಾನ ಇರುವ ಒಬ್ಬರ ಜೊತೆ ಓಡುವುದು ಇನ್ನೂ ಒಳ್ಳೆಯದು. ಅವರಿಗೆ ಜೊತೆ ಸಿಕ್ಕಿತು, ನಿಮಗೆ ನಿಧಾನವಾಗಿ ಓಡಲು ನೆಪ ಸಿಕ್ಕಿತು.

ತೂಕ ಜಾಸ್ತಿ ಆಗ್ತಿದೆ. ಡಯಟ್ ಶುರು ಮಾಡಲಾ?

ಮೊದಲ ವಾರದಲ್ಲೇ ಒಂದು ಕಿಲೋ ಏರಿದರೆ ಹೆದರಬೇಡಿ, ಅದರಲ್ಲಿ ಬಹುಪಾಲು ನೀರು. ಸ್ನಾಯುಗಳಲ್ಲಿ ಕೂಡಿಡುವ ಗ್ಲೈಕೋಜನ್ ಒಂದು ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿನಾ ಖರ್ಚಾಗುತ್ತಿದ್ದದ್ದು ಈಗ ಉಳಿಯುತ್ತಿದೆ, ಅಷ್ಟೇ. ತಿಂಗಳಲ್ಲಿ ಒಂದೆರಡು ಕಿಲೋ ಆಚೀಚೆ ಆದರೂ ಪರವಾಗಿಲ್ಲ. ಮಾಡುವ ಕೆಲಸ ಕಡಿಮೆಯಾದಾಗ ಹಸಿವು ತಕ್ಷಣ ಕಡಿಮೆಯಾಗುವುದಿಲ್ಲ, ಅದನ್ನು ಗಮನಿಸಿದರೆ ಸಾಕು. ಓಡುವಾಗ ತಿನ್ನುವ ಸಕ್ಕರೆಯ ಜೆಲ್, ಎನರ್ಜಿ ಡ್ರಿಂಕ್‌ಗಳಿಗೆ ಈಗ ಕೆಲಸವಿಲ್ಲ.

ಇದು ಸೋಮಾರಿತನವೋ, ನಿಜಕ್ಕೂ ಏನಾದರೂ ತೊಂದರೆ ಇದೆಯೋ? ಹೇಗೆ ಗೊತ್ತಾಗುತ್ತೆ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೂರು ನಾಲ್ಕು ವಾರ ವಿಶ್ರಾಂತಿ ತೆಗೆದುಕೊಂಡರೂ ಸುಸ್ತು ಹೋಗುತ್ತಿಲ್ಲ ಅಂದರೆ ಡಾಕ್ಟರನ್ನು ನೋಡಿ. ರಕ್ತಹೀನತೆ, ಕಬ್ಬಿಣದಂಶದ ಕೊರತೆ, ಥೈರಾಯ್ಡ್ ತೊಂದರೆ, ಎಲ್ಲವೂ ಹೊರಗಿನಿಂದ ‘ಮನಸ್ಸಿಲ್ಲ’ ಅನ್ನುವ ಹಾಗೇ ಕಾಣುತ್ತವೆ. ದೂರ ಓಡುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕಬ್ಬಿಣದಂಶದ ಕೊರತೆ ಅಪರೂಪವೇನಲ್ಲ. ರಕ್ತಪರೀಕ್ಷೆ ಮಾಡಿಸಿದರೆ ಇವೆಲ್ಲ ತಿಳಿಯುತ್ತವೆ.

ಮುಟ್ಟು ನಿಂತಿದ್ದರೆ ಅಥವಾ ತಿಂಗಳು ತಪ್ಪುತ್ತಿದ್ದರೆ ‘ಜಾಸ್ತಿ ಓಡೋರಿಗೆ ಹಾಗೇನೇ’ ಅನ್ನುವ ಮಾತನ್ನು ಕೇಳಬೇಡಿ. ಮೈಗೆ ಬೇಕಾದಷ್ಟು ಊಟ ಸಿಗದೆ ಟ್ರೇನಿಂಗ್ ಮಾತ್ರ ನಡೆದರೆ ಹಾರ್ಮೋನು, ಮೂಳೆ, ಮನಸ್ಥಿತಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಇದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ‘ರೆಡ್-ಎಸ್’ ಅಂತ ಹೆಸರು ಕೊಟ್ಟರು. ಗಂಡಸರಿಗೂ ಬರುತ್ತದೆ.

ಓಟ ಮಾತ್ರವಲ್ಲ, ಇಷ್ಟದ ಎಲ್ಲ ಕೆಲಸಗಳೂ ಬೇಡವಾಗಿ, ನಿದ್ದೆ ಊಟ ಏರುಪೇರಾಗಿ ಎರಡು ವಾರ ದಾಟಿದರೆ ಅದು ಆಫ್‌ಸೀಸನ್ ಬೇಜಾರಲ್ಲ. ಖಿನ್ನತೆ ಇರಬಹುದು. ಹಗಲು ತೀರಾ ಕಡಿಮೆ ಇರುವ ದೇಶಗಳಲ್ಲಿ ಪ್ರತಿ ಚಳಿಗಾಲವೂ ಹೀಗೆ ಆಗುವವರಿದ್ದಾರೆ. ಇದಕ್ಕೆ ಚಿಕಿತ್ಸೆ ಇದೆ. ಗಟ್ಟಿ ಮನಸ್ಸು ಮಾಡಿ ಓಡಿದರೆ ಸರಿಹೋಗುತ್ತದೆ ಅಂತ ಕಾಯುವುದು ಬೇಡ.

ಗಾಯ ಆಗಿ ಕೂತಿದ್ದೀನಿ. ಇದೂ ಆಫ್‌ಸೀಸನ್ನಾ?

ಅಲ್ಲ. ನಾವೇ ಆರಿಸಿಕೊಂಡ ಬಿಡುವು ಬೇರೆ, ಹೇರಿದ್ದು ಬೇರೆ. ಬೇಸರ ಜಾಸ್ತಿ ಇರುತ್ತದೆ, ಇರಲಿ. ಫಿಸಿಯೋ ಕೊಟ್ಟ ವ್ಯಾಯಾಮಗಳನ್ನೇ ಈಗಿನ ಟ್ರೇನಿಂಗ್ ಪ್ಲಾನ್ ಅಂತ ಬರೆದಿಡಿ, ಮಾಡಿದಾಗ ಗುರುತು ಹಾಕಿ. ಓಟದ ಇಂಟರ್ವಲ್ ಒಂದನ್ನೂ ತಪ್ಪಿಸದವರು ಕಾಫ್ ರೈಸ್ ತಪ್ಪಿಸುವುದು ನೋಡಿದರೆ ಆಶ್ಚರ್ಯವಾಗುತ್ತದೆ.

ಎರಡು ತಿಂಗಳು ಏನೂ ಮಾಡಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೆಯ ವಾರದ ದೂರದ ಮೂರನೇ ಒಂದು ಪಾಲಿನಿಂದ. ಮೊದಲ ಮೂರು ವಾರ ಎಲ್ಲ ನಿಧಾನ, ಮಾತಾಡಲು ಆಗುವಷ್ಟು. ಬೇಕಾದರೆ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ.

ಇಲ್ಲಿ ಎಚ್ಚರ ಬೇಕಾದ್ದು ಉಸಿರಿನ ಬಗ್ಗೆ ಅಲ್ಲ. ಉಸಿರು ಬೇಗ ವಾಪಸ್ ಬರುತ್ತದೆ, ಟೆಂಡನ್ ಮತ್ತು ಮೂಳೆ ನಿಧಾನ. ಮೂರನೇ ವಾರದಲ್ಲಿ ‘ಅರೆ, ಎಲ್ಲ ಹಳೆಯ ಹಾಗೇ ಇದೆ’ ಅನ್ನಿಸಿ ಜೋರಾಗಿ ಓಡಿಬಿಡುತ್ತೇವೆ. ಹಿಮ್ಮಡಿ, ಮೊಣಗಂಟಿನ ನೋವು ಬರುವುದು ಆಗಲೇ. ಆರಂಭಶೂರರಿಗೆ ಆಫ್‌ಸೀಸನ್‌ಗಿಂತ ಅದರ ನಂತರದ ತಿಂಗಳೇ ಅಪಾಯ. ಹಳೆಯ ಪೇಸ್ ಟೇಬಲ್‌ಗಳನ್ನು ಆರು ವಾರ ತೆರೆಯಬೇಡಿ.

ಮುಂದಿನ ರೇಸಿನ ತಯಾರಿ ಯಾವಾಗ ಶುರು ಮಾಡಬೇಕು?

ತಾರೀಕಿನಿಂದ ಹಿಂದಕ್ಕೆ ಎಣಿಸಿ. ಮ್ಯಾರಥಾನಿಗೆ ಸಾಮಾನ್ಯವಾಗಿ 16 ವಾರ, ಹಾಫ್ ಮ್ಯಾರಥಾನಿಗೆ 10ರಿಂದ 12. ಪೂರ್ತಿ ನಿಲ್ಲಿಸಿದ್ದವರು ಅದಕ್ಕೂ ಮೊದಲು ಒಂದು ತಿಂಗಳು ನಿಧಾನದ ಓಟಕ್ಕೆ ಬಿಟ್ಟುಕೊಳ್ಳಿ. ವಾರಕ್ಕೆ ಮೂರು ದಿನ ಉಳಿಸಿಕೊಂಡು ಬಂದವರಿಗೆ ಆ ಒಂದು ತಿಂಗಳು ಬೇಕಾಗುವುದಿಲ್ಲ.